ಲಾಭದ ಹಿಡಿಯಾಗ ಕೆಂಪು ದಾರ

ಆ ಕೋಣೆಗೆ ಕಿಟಕಿ ಇತ್ತು, ಅದಕ್ಕೆ ಕರಿ ಕಾಗದ ಅಂಟಿಸಿದ್ದರು. ಫ್ಯಾನ್ ಇತ್ತು, ಹಾಕುವಂಗಿರಲಿಲ್ಲ. ಗಾಳಿ ಆಡಿದರೆ ಹತ್ತಿಯ ಅರಳಿ ಹಾರತೈತಿ, ಹೊರಗಿನ ಬೆಳಕು ಬಿದ್ದರೆ ಕ್ಯಾಮೆರಾ ತಪ್ಪು ನೋಡತೈತಿ ಅಂತ ಕಟ್ಟಪ್ಪಣೆ. ಮೇಲೆ ತಗಡು. ಬಾಗಿಲಿಗೆ ಒಳಗಿನಿಂದ ಚಿಲಕ. ಪರೀಕ್ಷೆಯ ಒಂದು ಸರದಿ ಶುರು ಮಾಡಿದರೆ ಅದು ಮುಗಿಯೋತನಕ ನೀರಿಗೂ ಹೊರಗೆ ಹೋಗುವಂಗಿಲ್ಲ. ಮೂಗಿನಾಗ ಅರಳಿ, ಬಾಯಾಗ ಅರಳಿ, ಸೀರೆ ನೆರಿಗೆಯಾಗ ಅರಳಿ. ಅದರೊಳಗೆ ನಾನೂ ಒಬ್ಬ ಎಂಜಿನಿಯರ್ ಹುಡುಗಿಯೂ ಒಂದು ಹಂಗಾಮು ಪೂರ್ತಿ ಕೂತೆವು.

ನಮ್ಮದು ಆಂಧ್ರದ ಗಡಿಯ ಆದವಾನಿಯ ಒಂದು ಜಿನ್ನಿಂಗ್ ಮಿಲ್ಲು. ಹಳ್ಳಿಗಳಿಂದ ಹತ್ತಿ ಬರತೈತಿ, ಬೀಜ ಬೇರೆ ಮಾಡತಾರ, ಉಳಿದ ಅರಳಿಯನ್ನು ಒತ್ತಿ ಬೇಲು ಕಟ್ಟಿ ನೂಲಿನ ಮಿಲ್ಲಿಗೆ ಕಳಿಸತಾರ. ಆ ಅರಳಿಯೊಳಗೆ ಕೂದಲು, ಗೊಬ್ಬರದ ಚೀಲದ ದಾರ, ಗೋಣಿ ನಾರು, ಕೋಳಿ ಪುಕ್ಕ, ಬೀಡಿ ತುಂಡು, ಏನೇನೋ ಬರತಾವು. ಒಂದು ಎಳೆ ಒಳಗೆ ಹೋದರೂ ಮುಂದೆ ಬಟ್ಟೆಯ ಮೇಲೆ ಕಾಣತೈತಿ. ಅದನ್ನು ಆರಿಸೋದು ಹೆಂಗಸರ ಕೆಲಸ. ಓಡುವ ಬೆಲ್ಟಿನ ಎರಡೂ ಕಡೆ ಸಾಲಾಗಿ ಕೂತು ಆರಿಸತಿದ್ದೆವು. ನಾನೂ ಕೂತಿದ್ದೆ. ಕಣ್ಣಿಗೆ ಪೊರೆ ಬಂದ ಮೇಲೆ ಬಿಳಿ ಅರಳಿ ಮೇಲೆ ಬಿಳಿ ದಾರ ಕಾಣಲಿಲ್ಲ, ಅಷ್ಟೇ.

ಆ ವರ್ಷ ಸಾಹುಕಾರ ಕ್ಯಾಮೆರಾದ ಮಿಷನ್ನು ತರಿಸಿದ. ಬೆಲ್ಟಿನ ಮೇಲೆ ಅದು ಕಣ್ಣಿಟ್ಟು, ಎಲ್ಲಿ ಕಸ ಕಂಡಿತೋ ಅಲ್ಲಿ ಹಸಿರು ಬೆಳಕಿನ ಚುಕ್ಕಿ ಬಿಡತೈತಿ. ಚುಕ್ಕಿ ಬಿದ್ದಲ್ಲಿ ಹೆಂಗಸರು ಕೈ ಹಾಕಬೇಕು. ದೊಡ್ಡದನ್ನು ಕೂಡಿಸುವ ಮೊದಲು ಅಂಥದೇ ಸಣ್ಣದೊಂದನ್ನು ಗೋದಾಮಿನ ಪಕ್ಕದ ಕೋಣೆಯಲ್ಲಿಟ್ಟು ಪರೀಕ್ಷೆ ಮಾಡಬೇಕಂತ ಠರಾವಾಯಿತು. ಮೇಸ್ತ್ರಿ ನನ್ನನ್ನು ಕರೆದ.

"ಏಮಮ್ಮಾ, ಸಾಲಿನಾಗ ಕೂಡ್ರಾಕ ನಿನ್ನ ಕಣ್ಣು ಸಾಲಂಗಿಲ್ಲ. ಒಳಗ ಹೋಗು. ಆ ಹುಡುಗಿ ಹೇಳಿದಂಗ ಅರಳಿಯಾಗ ಕಸ ಹಾಕು."

"ಹಾಕೋದಾ, ತೆಗಿಯೋದಾ?"

"ಹಾಕೋದು."

"ಇಷ್ಟು ದಿನ ಹಾಕಿದ್ರ ಬೈತಿದ್ದಿ."

"ಈಗ ಹಾಕದಿದ್ರ ಬೈತೀನಿ. ಒಲ್ಲೆ ಅಂದ್ರ ಮನ್ಯಾಗ ಕೂಡ್ರು."

ಹೊರಗಿನ ಸಾಲಿನ ಹೆಂಗಸರು ನಕ್ಕರು. "ಮಿಷನ್ನಿನ ಬಾಣಂತನ ಮಾಡಾಕ ಹೊಂಟಾಳ ನೋಡ್ರಿ" ಅಂತ ಒಬ್ಬಾಕಿ. "ಎಣ್ಣಿ ಹಚ್ಚಿ ಎರಿ ಬೇ" ಅಂತ ಇನ್ನೊಬ್ಬಾಕಿ. ಮಿಷನ್ನು ಬಂದರೆ ಸಾಲು ಅರ್ಧ ಆಗತೈತಿ ಅಂತ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಸಾಲಿನ ಕೊನೆಗೆ ನನ್ನ ಸೊಸಿ ಕೂತಿದ್ದಳು. ಆಕಿ ನಗಲಿಲ್ಲ. ನಾನು ಒಳಗೆ ಹೋಗಿ ಚಿಲಕ ಹಾಕಿದೆ.

ಪರೀಕ್ಷೆಗಂತ ಸಾಹುಕಾರ ಇಟ್ಟುಕೊಂಡ ಹುಡುಗಿ ಪೆದ್ದಹರಿವಾಣಂನಾಕಿ. ಕರ್ನೂಲಿನಾಗ ಓದಿದಾಕಿ, ಮಾತನ್ನು ಕನ್ನಡದಾಗ ಶುರು ಮಾಡಿ ತೆಲುಗಿನಾಗ ಮುಗಿಸತಿದ್ದಳು. ನನ್ನನ್ನು ತೆಲುಗಿನಾಗ ಪೆದ್ದಮ್ಮಾ, ಅಂದರೆ ದೊಡ್ಡಮ್ಮ, ಅಂತಿದ್ದಳು. ಕೆಲಸ ಹಿಂಗಿತ್ತು. ಒಂದೊಂದು ಟ್ರೇದಾಗ ಒಂದೊಂದು ಹಿಡಿ ಅರಳಿ ಹರವಬೇಕು. ಕೆಲವಕ್ಕೆ ಕಸ ಹಾಕಬೇಕು, ಕೆಲವನ್ನು ಸ್ವಚ್ಛ ಬಿಡಬೇಕು. ಎಲ್ಲಾ ಟ್ರೇ ಸಾಲಾಗಿ ಮಿಷನ್ನಿನ ಕೆಳಗೆ ಹೋಗತಾವು. ಹಾಕಿದ್ದಕ್ಕೆಲ್ಲ ಚುಕ್ಕಿ ಬಿತ್ತಾ, ಹಾಕದ್ದಕ್ಕೆ ಬೀಳಲಿಲ್ಲವಾ ಅಂತ ಆಕಿ ನೋಡತಾಳ. ಅದೊಂದು ಸರದಿ.

ಮೊದಮೊದಲು "ನಿನ್ನ ಮನಸಿಗೆ ಬಂದಂಗ ಹಾಕು ಪೆದ್ದಮ್ಮಾ" ಅಂದಿದ್ದಳು. ಹಾಕಿದೆ. ಮಿಷನ್ನು ಎಲ್ಲಾ ಹಿಡಿಯಿತು. ಮೇಸ್ತ್ರಿ ಬಂದು ಮೀಸೆ ಸವರಿಕೊಂಡು ಹೋದ. ಆದರೆ ಒಂದು ದಿನ ಹುಡುಗಿ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದಳು. ಪರದೆ ಮೇಲೆ ಒಂದು ಟ್ರೇದ ಚಿತ್ರ, ನಾನು ಅಲ್ಲಿಯವರೆಗೆ ಹಾಕಿದ ಕಸಕ್ಕೆಲ್ಲ ಒಂದೊಂದು ಚುಕ್ಕಿ. ಚುಕ್ಕಿಗಳೆಲ್ಲ ಬಲಗಡೆಯ ಆಚೆ ಮೂಲೆಯಲ್ಲಿ ಇರುವೆ ಮುತ್ತಿದಂಗ ಮುತ್ತಿದ್ದವು. ನಡುವೆ ಬಯಲು.

"ಇದು ನಾನಾ?"

"ನೀನೇ. ಇನ್ನೊಂದು ನೋಡು. ಕೆಂಪು ದಾರ ಆದ ಮ್ಯಾಲ ಯಾವಾಗ್ಲೂ ಕೂದಲ. ಎರಡು ಸ್ವಚ್ಛ ಟ್ರೇ ಬಿಟ್ಟು ಒಂದು ಹೊಲಸು. ಮಿಷನ್ನು ಕಸ ಹುಡುಕಾಕತ್ತಿಲ್ಲ ಪೆದ್ದಮ್ಮಾ, ನಿನ್ನ ಕೈ ಹುಡುಕಾಕತ್ತೈತಿ."

ನನಗೆ ಸಿಟ್ಟು ಬಂತು. ಮನಸಿಗೆ ಬಂದಂಗ ಹಾಕು ಅಂದಾಕಿ ಆಕಿನೇ. ಮನಸಿಗೆ ಒಂದೇ ದಾರಿ ಬಂದರೆ ನಾನೇನು ಮಾಡಲಿ? ಬೇಕಂತಲೇ ಎಡಗಡೆ ಹಾಕಿ ನೋಡಿದೆ. ಆವಾಗ ಎಲ್ಲಾ ಎಡಗಡೆ ಮುತ್ತಿದವು. ಹುಡುಗಿ ತಾನೂ ಹಾಕಿ ನೋಡಿದಳು. ಆಕಿದು ನಡುವೆ ಒಂದೇ ಗುಂಪು. ಇಬ್ಬರೂ ನಕ್ಕೆವು, ಅರಳಿ ಗಂಟಲಿಗೆ ಹೋಗಿ ಕೆಮ್ಮಿದೆವು.

ಅಲ್ಲಿಂದ ಮುಂದೆ ಹಾಕೋದು ನನ್ನ ಕೈ, ಹೇಳೋದು ಆಕಿ ಬರೆದ ಪ್ರೋಗ್ರಾಮು. ಅದು ಯಾವುದೋ ಬೇರೆ ಥರದ ಭಾಷೆಯಂತ, ಹ್ಯಾಸ್ಕೆಲ್ ಅಂತ ಹೆಸರು. ನನ್ನ ಬಾಯಾಗ ಅದು ಹಾಸಿಗೆ ಅಂತ ಬಂತು, ಆಮೇಲೆ ಆಕಿನೂ ಹಾಸಿಗೆ ಅಂತಲೇ ಅನ್ನತೊಡಗಿದಳು.

"ಈ ಭಾಷಾದಾಗ ಒಂದು ಕಟ್ಟು ಐತಿ" ಅಂದಳು. "ಒಂದು ಲೆಕ್ಕಕ್ಕ ಏನು ಕೊಡ್ತಿಯೋ ಅದರ ಮ್ಯಾಲೇ ಉತ್ತರ. ಇವತ್ತು ಕೊಟ್ಟರೂ ಅದೇ, ನಾಳಿ ಕೊಟ್ಟರೂ ಅದೇ. ನಡುವ ಕದ್ದು ಬದಲು ಮಾಡಾಕ ಬರಂಗಿಲ್ಲ."

"ಮತ್ತ ಅದು ದಿಕ್ಕು ತಪ್ಪಿದಂಗ ಹೆಂಗ ಹೇಳತೈತಿ? ಅದೂ ಒಂದೇ ಮೂಲಿಗೆ ಹಾಕು ಅಂತೈತಿ."

"ಅದಕ್ಕ ಬೀಜ ಕೊಡಬೇಕು. ಬೀಜ ಅಂದ್ರ ಒಂದು ಅಂಕಿ. ಒಂದು ಬೀಜ ಕೊಟ್ಟರ ಒಂದು ಟ್ರೇದ ಕಸ ಹೇಳತೈತಿ, ಜೊತಿಗೆ ಮುಂದಿನ ಬೀಜನೂ ಕೈಯಾಗ ಇಡತೈತಿ. ಅದನ್ನ ಕೊಟ್ಟರ ಮುಂದಿನ ಟ್ರೇ. ಹಂಗ ಒಂದರಿಂದ ಒಂದು. ಯಾವುದು ಬರತೈತಿ ಅಂತ ನನಗೂ ಗೊತ್ತಿಲ್ಲ. ಆದ್ರ ಮೊದಲ ಬೀಜ ನೆನಪಿಟ್ಟರ ಪೂರಾ ಸರದಿ ಮತ್ತ ಹಂಗಂದ್ರ ಹಂಗೇ ಬರತೈತಿ."

"ನಮ್ಮ ಹತ್ತಿನೂ ಹಂಗೇ ಇತ್ತು. ಈಗಿನ ಪ್ಯಾಕೀಟಿನ ಬೀಜ ಮುಂದಿನ ಬೀಜ ಕೊಡಂಗಿಲ್ಲ."

"ಇದು ಹಳೇ ಹತ್ತಿ ಪೆದ್ದಮ್ಮಾ."

ನನಗೆ ಓದಾಕ ಹೊತ್ತು ಹಿಡಿಯತೈತಿ ಅಂತ ಆಕಿ ಪರದೆ ಮೇಲೆ ಟ್ರೇದ ಚಿತ್ರ ಮಾಡಿ ಬಣ್ಣದ ಚುಕ್ಕಿ ಇಟ್ಟಳು. ಕೆಂಪು ಅಂದರೆ ಕೆಂಪು ದಾರ, ಕರಿ ಅಂದರೆ ಕೂದಲು, ಹಳದಿ ಅಂದರೆ ಗೋಣಿ ನಾರು. ಚುಕ್ಕಿ ಎಲ್ಲಿ ಐತೋ ಅಲ್ಲೇ ಹಾಕಬೇಕು. ಅದರ ಮೇಲೆ ಗೀಟು ಇದ್ದರೆ ಅರಳಿಯ ಕೆಳಗೆ ಮುಚ್ಚಿಡಬೇಕು. ಕೂದಲು ಹೆಚ್ಚಾ ಪುಕ್ಕ ಹೆಚ್ಚಾ ಅಂತ ನನ್ನನ್ನು ಕೇಳಿ, ಹೆಚ್ಚು ಬರೋದು ಹೆಚ್ಚು ಸಲ ಬರುವಂಗ ತೂಕ ಕಟ್ಟಿದಳು. ಒಮ್ಮೆಗೆ ಮೂರು ಸ್ವಚ್ಛ ಟ್ರೇ ಬಂದವು, ಒಮ್ಮೆಗೆ ಒಂದೇ ಟ್ರೇದಾಗ ಐದು ನಮೂನೆ ಕಸ ಬಂತು. ಮನುಷ್ಯರು ಯಾರೂ ಹಂಗ ಹಾಕುವುದಿಲ್ಲ.

ಮೊದಲ ಸರದಿಯಲ್ಲೇ ಜಗಳ ಬಂತು. ಪರದೆ ಮೇಲೆ ಮೊದಲ ಟ್ರೇ, ಕರಿ ಚುಕ್ಕಿ. ನಾನು ಕೂದಲನ್ನು ಕೆಳಗಿಟ್ಟೆ.

"ಇದಕ್ಕ ಹಾಕಂಗಿಲ್ಲ."

"ಯಾಕ?"

"ಇದು ಲಾಭ."

ನಮ್ಮ ಕಡೆ ರಾಶಿ ಅಳೆಯುವಾಗ ಮೊದಲ ಸೇರಿಗೆ ಒಂದು ಅನ್ನುವುದಿಲ್ಲ, ಲಾಭ ಅಂತೀವಿ. ಆಮೇಲೆ ಎರಡು, ಮೂರು. ಅರಳಿ ಆರಿಸುವಾಗಲೂ ಮೊದಲ ಹಿಡಿಯನ್ನು ಕಣ್ಣಿಗೆ ಒತ್ತಿಕೊಂಡು ಸ್ವಚ್ಛ ಮಾಡಿ ಪಕ್ಕಕ್ಕಿಡತೀವಿ. ಅದಕ್ಕೆ ಹೆಂಗಸಿನ ಕೂದಲು ಹಾಕು ಅಂದರೆ ನನ್ನ ಕೈ ಏಳಲಿಲ್ಲ. ಹೇಳಿದೆ. ಹುಡುಗಿ ವಾದ ಮಾಡುತಾಳ ಅಂದುಕೊಂಡೆ. ಮಾಡಲಿಲ್ಲ.

"ನಮ್ಮಪ್ಪನೂ ಜೋಳ ಅಳಿಯುವಾಗ ಹಂಗೇ ಅಂತಾನ" ಅಂದಳು. "ನನಗೂ ಒಂಥರಾ ಆಗತೈತಿ. ಒಂದು ಟ್ರೇಲಿಂದ ಏನು ಹೋಗತೈತಿ ಬಿಡು." ಟಕಟಕ ಬರೆದಳು. ಮೊದಲ ಟ್ರೇ ಯಾವಾಗಲೂ ಸ್ವಚ್ಛ ಅಂತ ಪ್ರೋಗ್ರಾಮಿನಾಗ ಒಂದು ಸಾಲು. ಆ ಮೇಲೆ ಯಾವ ಬೀಜ ಕೊಟ್ಟರೂ ಲಾಭದ ಟ್ರೇ ಬಿಳಿಯಾಗಿಯೇ ಬರತಿತ್ತು.

ಹಿಂಗ ವಾರಗಟ್ಟಲೆ ಹಾಕಿದೆವು. ಮಿಷನ್ನು ತಪ್ಪಿದಲ್ಲೆಲ್ಲ ಹುಡುಗಿ ಮಿಷನ್ ಕಂಪನಿಯವರಿಂದ ತಿದ್ದಿಸಿದಳು. ಕೊನೆಗೆ ತಪ್ಪೇ ಬರಲಿಲ್ಲ. ದೊಡ್ಡ ಮಿಷನ್ನನ್ನು ಬೆಲ್ಟಿಗೆ ಕೂಡಿಸಿದರು. ಸಾಲು ಅರ್ಧ ಆಯಿತು. ಉಳಿದ ಹೆಂಗಸರಿಗೆ ಮೇಸ್ತ್ರಿ ಹೇಳಿದ್ದು ಒಂದೇ ಮಾತು: ಚುಕ್ಕಿ ಬಿದ್ದಲ್ಲಿ ಮಾತ್ರ ಕೈ, ಬೇರೆ ಕಡೆ ಕೈ ಆಡಿಸಿದರೆ ಬೆಲ್ಟು ತಡ ಆಗತೈತಿ. ನನ್ನ ಸೊಸಿ ಉಳಿದವರಲ್ಲಿ ಇದ್ದಳು, ಸಾಲಿನ ಕೊನೆಗೆ. ಆಕಿಯ ಕೈ ದಾಟಿದ್ದು ನೇರ ಬೇಲಿನೊಳಗೆ ಹೋಗತಿತ್ತು.

ಸ್ವಲ್ಪ ದಿನಕ್ಕೆ ನೂಲಿನ ಮಿಲ್ಲಿನಿಂದ ಒಂದು ಬೇಲು ವಾಪಸು ಬಂತು. ಬಿಚ್ಚಿದರೆ ಒಳಗೆ ಕೆಂಪು ದಾರ. ಒಂದಲ್ಲ, ಪದರು ಪದರಿಗೆ. ಯಾವುದೋ ಹಳ್ಳಿಯಾಗ ಹರಿದ ಸೀರೆಯಿಂದ ಹತ್ತಿ ಗಂಟು ಕಟ್ಟಿದ್ದರು, ಅದರ ಎಳೆ. ಮೇಸ್ತ್ರಿ ಕಂಪ್ಯೂಟರ್ ನೋಡಿದ. ಮಿಷನ್ನು ಸರಿ ನಡೆದೈತಿ ಅಂತ ಅದರಾಗ ಇತ್ತು. ಪರೀಕ್ಷೆ ಆದ ಮಿಷನ್ನು ತಪ್ಪುವುದಿಲ್ಲ. ಅಂದರೆ ಚುಕ್ಕಿ ಬಿದ್ದಿತ್ತು, ಕೊನೆಗೆ ಕೂತಾಕಿ ಆರಿಸಲಿಲ್ಲ. ಅವನ ಲೆಕ್ಕ ಅಷ್ಟೇ. ನನ್ನ ಸೊಸಿಯನ್ನು ಗೇಟಿನ ಹೊರಗೆ ನಿಲ್ಲಿಸಿದ.

ಇಲ್ಲಿ ಒಂದು ಮಾತು ತಿಳಿಯಬೇಕು. ಆದವಾನಿಯಾಗ ಜಿನ್ನಿಂಗ್ ಮಿಲ್ಲು ಬೇಕಾದಷ್ಟು ಅದಾವು, ಆದರೆ ಮೇಸ್ತ್ರಿಗಳೆಲ್ಲ ಒಂದೇ ಚಹಾದ ಅಂಗಡಿಯಾಗ ಕೂಡತಾರ. ಬೇಲು ಕೆಡಿಸಿದಾಕಿ ಅಂತ ಒಮ್ಮೆ ಹೆಸರು ಬಿದ್ದರೆ ಯಾವ ಗೇಟೂ ತೆರೆಯುವುದಿಲ್ಲ.

ಮನೆಯಲ್ಲಿ ನಾವಿಬ್ಬರೇ. ಮಗ ಮಂತ್ರಾಲಯದ ಒಂದು ಲಾಜಿನಲ್ಲಿ ಕೆಲಸಕ್ಕಿದ್ದಾನ, ಯಾವಾಗಲೋ ಬರತಾನ. ಸೊಸಿ ರೊಟ್ಟಿ ತಟ್ಟುತ್ತಾ ಶುರು ಮಾಡಿದಳು.

"ಚೆಂದ ಕಲಿಸಿದಿ ಅತ್ತಿ ನಿನ್ನ ಮಿಷನ್ನಿಗೆ. ಮೊದಲ ಪಾಠಕ್ಕೇ ನನ್ನ ಹೊರಗ ಹಾಕೇತಿ."

"ಚುಕ್ಕಿ ಬಿದ್ದಿದ್ದು ಕಂಡಿಯೋ ಇಲ್ಲೋ?"

"ಬಿದ್ದಿರಲಿಲ್ಲ."

"ದಾರ ಕಂಡಿತ್ತಾ?"

"ಕಂಡಿತ್ತು. ಚುಕ್ಕಿ ಇಲ್ಲದಲ್ಲಿ ಕೈ ಹಾಕಿದ್ರ ಮೇಸ್ತ್ರಿ ಕೈ ಮುರೀತೀನಿ ಅಂದಿದ್ದ. ನೀನು ಇದ್ದಿದ್ರ ಹಾಕ್ತಿದ್ದಿಯೇನು?"

ಹಾಕುತ್ತಿದ್ದೆನೋ ಇಲ್ಲೋ. ನನ್ನ ಸೊಸಿಯ ಬಾಯಿ ಸರಿ ಇಲ್ಲ, ಕಣ್ಣು ಸರಿ ಐತಿ. ಆಕಿ ಬಿದ್ದಿಲ್ಲ ಅಂದರೆ ಬಿದ್ದಿಲ್ಲ. ಅದಕ್ಕಿಂತ ಹೆಚ್ಚು ಆಕಿಯ ಮೇಲೆ ಪ್ರೀತಿ ಇತ್ತಂತ ಹೇಳುವುದಿಲ್ಲ.

ಬೆಳಿಗ್ಗೆ ಹುಡುಗಿಗೆ ಹೇಳಿದೆ. ಆಕಿ ಅಂದಳು, "ಮಿಷನ್ ಕಂಪನಿಯವರು ವಾರದ ಕೊನಿಗೆ ಬಂದು ಮಿಷನ್ನು ಛಲೋ ಐತಿ ಅಂತ ಸಾಹುಕಾರನ ಸಹಿ ಹಾಕಿಸ್ಕೋತಾರ. ಆ ಮ್ಯಾಲ ಯಾರೂ ನಮ್ಮ ಮಾತು ಕೇಳಂಗಿಲ್ಲ. ಅದರೊಳಗ ಮಿಷನ್ನು ತಪ್ಪೋದನ್ನ ನಾವೇ ತೋರಿಸಬೇಕು."

"ತಪ್ಪತೈತಾ?"

"ನಾನು ಬರೆದ ಪರೀಕ್ಷೆದಾಗ ತಪ್ಪಂಗಿಲ್ಲ."

ಚಿಲಕ ಹಾಕಿದೆವು. ಹೊಸ ಬೀಜ, ಹೊಸ ಸರದಿ. ಹೊಸ ಬೀಜ, ಹೊಸ ಸರದಿ. ಕೆಂಪು ದಾರದ ತೂಕ ಹೆಚ್ಚು ಮಾಡಿದಳು. ಗೀಟಿನ ಕೆಂಪು, ಗೀಟಿಲ್ಲದ ಕೆಂಪು, ಉದ್ದ ಕೆಂಪು, ಗಂಟು ಬಿದ್ದ ಕೆಂಪು. ಎಲ್ಲಕ್ಕೂ ಚುಕ್ಕಿ ಬಿತ್ತು. ಅದುವರೆಗೆ ಮಿಷನ್ನು ಗೆಲ್ಲಲಿ ಅಂತ ಕೂತವಳು ಸೋಲಲಿ ಅಂತ ಕೂತೆ. ಅದು ಸೋಲಲಿಲ್ಲ. ಆ ಕೋಣೆ ಅವತ್ತಿಂದ ನನಗೆ ಬಾವಿ ಕಂಡಂಗ ಕಂಡಿತು. ಹತ್ತುವ ಮೆಟ್ಟಿಲೆಲ್ಲ ನಾವೇ ಕಿತ್ತಿದ್ದೆವು. ಮಿಷನ್ನಿನ ತಪ್ಪನ್ನೆಲ್ಲ ಹುಡುಕಿ ಹುಡುಕಿ ತಿದ್ದಿಸಿದವರು ನಾವೇ ಅಲ್ಲವಾ?

ನಡುವೆ ಒಮ್ಮೆ ತಪ್ಪಿತು. ಸ್ವಚ್ಛ ಟ್ರೇಗೆ ಚುಕ್ಕಿ ಬಿಟ್ಟಿತು. ಹುಡುಗಿ ಕುರ್ಚಿಯಿಂದ ಎದ್ದಳು. "ಅಲುಗಾಡಬ್ಯಾಡ. ಈಗ ಸಣ್ಣದು ಮಾಡೋಣ."

ಸಣ್ಣದು ಮಾಡೋದು ಅಂದರೆ ಹಿಂಗ. ತಪ್ಪು ಬಂದ ಸರದಿಯ ಬೀಜ ಹಿಡಿದು ಅದೇ ಸರದಿ ಮತ್ತೆ ಇಡಬೇಕು. ಆಮೇಲೆ ಅರ್ಧ ಟ್ರೇ ತೆಗೆದು ನೋಡಬೇಕು, ತಪ್ಪು ಇನ್ನೂ ಬರತೈತಾ? ಬಂದರೆ ಇನ್ನೂ ಅರ್ಧ ತೆಗಿ. ಬರದಿದ್ದರೆ ತೆಗೆದದ್ದನ್ನು ವಾಪಸು ಇಟ್ಟು ಇನ್ನರ್ಧ ತೆಗಿ. ಟ್ರೇ ಮುಗಿದ ಮೇಲೆ ಒಂದೊಂದೇ ಕಸ ತೆಗಿ. ಇನ್ನು ಏನೂ ತೆಗೆಯಾಕ ಬರಂಗಿಲ್ಲ ಅನ್ನುವಲ್ಲಿ ಉಳಿಯೋದೇ ರೋಗದ ಬೇರು. ತೆಗೆದೆವು, ತೆಗೆದೆವು. ಕೊನೆಗೆ ಒಂದೇ ಟ್ರೇ ಉಳಿಯಿತು. ಅದರಾಗ ಕಸ ಮೊದಲೇ ಇರಲಿಲ್ಲ. ಅರಳಿನೂ ತೆಗೆದೆವು. ಬರಿ ಟ್ರೇಗೂ ಮಿಷನ್ನು ಚುಕ್ಕಿ ಬಿಟ್ಟಿತು.

ಹುಡುಗಿ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. "ಪೆದ್ದಮ್ಮಾ, ನಿನ್ನ ಸೆರಗು."

ನನ್ನ ಸೆರಗಿನ ತುದಿ ಕ್ಯಾಮೆರಾದ ಕೆಳಗೆ ಇಣುಕಿತ್ತು. ಕೆಂಪು ಅಂಚಿನ ಸೀರೆ. ಮಿಷನ್ನಿಗೆ ನಾನೇ ಕಸ.

"ಸರಿಯಾಗೇ ಹಿಡದೈತಿ" ಅಂದೆ. ಹುಡುಗಿಗೆ ನಗಾಕೂ ಆಗಲಿಲ್ಲ, ಅಳಾಕೂ ಆಗಲಿಲ್ಲ. ಮೇಸ್ತ್ರಿ ಹೊರಗಿನಿಂದ ಬಾಗಿಲು ಬಡಿದ. "ಅಯಿಂದಾ? ಮುಗೀತಾ? ಎಷ್ಟಂತ ನೋಡ್ತೀರಿ, ಮಿಷನ್ನು ಛಲೋ ಐತಿ, ಒಪ್ಪಿಕೊಳ್ರಿ."

ಮರುದಿನ ಬೆಳಿಗ್ಗೆ ಗಿರಣಿಗೆ ಹಾಕಾಕ ಜೋಳ ಅಳೆಯುತ್ತಿದ್ದೆ. ಸೊಸಿ ಹೊಸ್ತಿಲ ಮೇಲೆ ಕೂತು ಕೂದಲು ಬಾಚಿಕೊಳ್ಳುತ್ತಿದ್ದಳು. ಹಿಂದಿನ ದಿನ ಇನ್ನೊಂದು ಮಿಲ್ಲಿಗೆ ಹೋಗಿ ಕೇಳಿ ಬಂದಿದ್ದಳು. ಬೇಲಿನಾಕಿ ನೀನೇ ಏನು ಅಂತ ಕೇಳಿ ಕಳಿಸಿದ್ದರಂತ.

"ಅವತ್ತು ಬೆಲ್ಟಿನ ಮ್ಯಾಲ ಏನೇನಾತು, ಮೊದಲಿಂದ ಹೇಳು" ಅಂದೆ.

"ಏನಾಗತೈತಿ. ಹತ್ತಿ ಬಂತು, ಚುಕ್ಕಿ ಬಿತ್ತು, ತೆಗದೆ. ಕರೆಂಟು ಹೋತು. ಕೂತೆವು. ಕರೆಂಟು ಬಂತು. ಮತ್ತ ಹತ್ತಿ ಬಂತು. ಅದರಾಗೇ ಕೆಂಪು ಇತ್ತು."

"ಕರೆಂಟು ಬಂದ ಮ್ಯಾಲ?"

"ಬಂದ ಕೂಡ್ಲೇ ಮೊದಲ ರಾಶಿಯಾಗೇ. ಅಲ್ಲಿಂದ ಎಲ್ಲಾ ಕೆಂಪೇ, ಚುಕ್ಕಿ ಒಂದಕ್ಕೂ ಇಲ್ಲ. ಕೂದಲಿಗೆ ಬೀಳ್ತಿತ್ತು. ಮತ್ತ ಕರೆಂಟು ಹೋಗಿ ಬಂದ ಮ್ಯಾಲ ಕೆಂಪಿಗೂ ಬೀಳಾಕ ಹತ್ತಿತು."

ನನ್ನ ಕೈಯಾಗ ಸೇರು ಇತ್ತು. ಆಗಷ್ಟೇ ಲಾಭ ಅಂದು ಮೊದಲ ಸೇರು ಸುರುವಿದ್ದೆ. ಎರಡು ಅನ್ನಲಿಲ್ಲ. ಜೋಳ ಅಲ್ಲೇ ಬಿಟ್ಟು ಎದ್ದೆ.

"ಎಲ್ಲಿಗೆ? ಗಿರಣಿಗೆ ಯಾರು ಹೋಗತಾರ?"

"ನೀನು ಹೋಗು. ಕೆಲಸ ಇಲ್ಲಲ್ಲ ನಿನಗ."

ಆಟೋ ಸಿಗಲಿಲ್ಲ, ನಡೆದೇ ಹೋದೆ. ಹುಡುಗಿ ಅದಾಗಲೇ ಒಳಗಿದ್ದಳು. ಹೇಳಿದೆ. ನಾವು ಎಷ್ಟು ಬೀಜ ಹಾಕಿದರೂ ಕಸ ಹಾಕದೇ ಬಿಟ್ಟ ಜಾಗ ಒಂದೇ ಐತಿ, ಲಾಭದ ಟ್ರೇ ಅಂದೆ. ಆಕಿ ಲ್ಯಾಪ್‌ಟಾಪಿನಾಗ ಆ ಸಾಲು ತೆಗೆದು ನೋಡುತ್ತಾ ಕೂತಳು. ಮೊದಲ ಟ್ರೇ ಯಾವಾಗಲೂ ಸ್ವಚ್ಛ.

"ಇದನ್ನ ಬರೆದಾಕಿ ನಾನು" ಅಂದಳು.

"ಬರಿಸಿದಾಕಿ ನಾನು. ಅಳಿಸು."

"ಅಳಿಸೋದು ಒಂದು ಗುಂಡಿ ಒತ್ತಿದ್ರ ಆತು. ಹಾಕವರು ಯಾರು? ನಾನು ಹಾಕಲಾ?"

ಆಕಿಗೂ ಮನಸಿರಲಿಲ್ಲ, ಮುಖದಲ್ಲೇ ಕಾಣುತ್ತಿತ್ತು. ಹೊರಗಿನ ಸಾಲಿನವರನ್ನು ಕರೆದರೆ ಯಾರೂ ಬರುವುದಿಲ್ಲ. ಹಂಗಾಮಿನ ನಡುವೆ ಲಾಭ ಕೆಡಿಸಿದರೆ ಮನೆ ಮುಳುಗತೈತಿ ಅನ್ನುವವರು ಅವರು. ನಾನೂ ಅನ್ನುವವಳೇ. ನನ್ನ ಅವ್ವ ಮೊದಲ ಹಿಡಿಗೆ ಎಂಜಲ ಕೈ ತಾಗಿಸಿದ್ದಕ್ಕೆ ನನ್ನ ಬೆರಳ ಮೇಲೆ ಹೊಡೆದಿದ್ದಳು. ಮನೆ ಇನ್ನೇನು ಮುಳುಗೋದೈತಿ, ಸೊಸಿ ಗೇಟಿನ ಹೊರಗ ಅದಾಳ ಅಂತ ಅನ್ನಿಸಿತು. ದೊಡ್ಡ ಯೋಚನೆ ಏನಲ್ಲ.

"ನಾನೇ ಹಾಕತೀನಿ" ಅಂದೆ.

ಹುಡುಗಿ ಆ ಸಾಲನ್ನು ಸದ್ಯಕ್ಕೆ ಬದಿಗೆ ಸರಿಸಿ, ಮೊದಲ ಟ್ರೇಗೆ ಕೆಂಪು ಬರುವ ಬೀಜ ಹುಡುಕಿ, ಮಿಷನ್ನು ಆರಿಸಿ ಮತ್ತೆ ಹಾಕಿದಳು, ಕರೆಂಟು ಹೋಗಿ ಬಂದಂಗ. ನಾನು ಅರಳಿ ಹರವಿದೆ. ಕೆಂಪು ದಾರ ತಗೊಂಡೆ. ಮುಂಚೆ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ ಹಿಡಿ. ಇಟ್ಟೆ. ಟ್ರೇ ಹೋಯಿತು. ಕ್ಯಾಮೆರಾ ದಾಟಿತು. ಚುಕ್ಕಿ ಬೀಳಲಿಲ್ಲ.

ಎರಡನೇ ಟ್ರೇಗೂ ಕೆಂಪು ಇತ್ತು, ಅದೂ ದಾಟಿತು. ಮೂರನೇದಕ್ಕೆ ಕೂದಲಿತ್ತು, ಚುಕ್ಕಿ ಬಿತ್ತು. ನಾಲ್ಕನೇದಕ್ಕೆ ಕೆಂಪು, ಬೀಳಲಿಲ್ಲ.

"ಸಣ್ಣದು ಮಾಡೋಣ" ಅಂದಳು ಹುಡುಗಿ. ಮಾಡಿದೆವು. ಉಳಿದ ಟ್ರೇ ಎಲ್ಲಾ ತೆಗೆದೆವು, ದಾರ ಎಳೆ ಎಳೆ ಕಡಿಮೆ ಮಾಡಿದೆವು. ಒಂದೇ ಟ್ರೇ, ಒಂದೇ ಎಳೆ ಕೆಂಪು. ಅದಕ್ಕಿಂತ ಸಣ್ಣದು ಆಗಲಿಲ್ಲ. ಮಿಷನ್ನು ಆರಿಸಿ ಹಾಕಿ ಎಷ್ಟು ಸಲ ಇಟ್ಟರೂ ತಪ್ಪಿತು.

ಹುಡುಗಿ ಮಿಷನ್ ಕಂಪನಿಯವನಿಗೆ ಫೋನ್ ಮಾಡಿದಳು. ಜೋರು ದನಿಯಾಗ ಹಾಕಿದ್ದಳು, ನಾನೂ ಕೇಳಿದೆ. ಅವನು ತೆಲುಗಿನಲ್ಲಿ ಹೇಳಿದ್ದು ಇಷ್ಟು: ಮಿಷನ್ನು ಚಾಲು ಆದಾಗೊಮ್ಮೆ ಮೊದಲ ಹಿಡಿಯನ್ನು ನೋಡಿ ಇವತ್ತಿನ ಅರಳಿಯ ಬಣ್ಣ ಇದು ಅಂತ ತಿಳಕೋತೈತಿ. ಆಮೇಲೆ ಅದಕ್ಕಿಂತ ಬೇರೆ ಇದ್ದದ್ದು ಕಸ. ಮೊದಲ ಹಿಡಿ ಸ್ವಚ್ಛ ಇರತೈತಿ ಅಂತ ಇಟ್ಟುಕೊಂಡೇ ಮಾಡಿದ್ದು, ಎಲ್ಲರೂ ಸ್ವಚ್ಛ ಹಿಡಿ ಹಾಕೇ ಶುರು ಮಾಡತಾರಲ್ಲಾ, ಅದನ್ನು ಹೇಳಬೇಕಾ?

ನಾನು ಮಿಷನ್ನು ನೋಡಿದೆ. ಅದಕ್ಕೂ ಲಾಭದ ಹಿಡಿ ಹೊಲಸು ಆಗಬಹುದು ಅಂತ ಗೊತ್ತಿರಲಿಲ್ಲ. ಹಿಡಿಯಾಗ ಕೆಂಪು ಇದ್ದರೆ ಕೆಂಪೂ ಅರಳಿಯೇ ಅಂತ ನಂಬಿ ಕೂತಿತ್ತು, ಕರೆಂಟು ಹೋಗುವ ತನಕ. ಅಲ್ಲಿಗೆ ಮಾತ್ರ ಕಣ್ಣು ಮುಚ್ಚಿ ನಾವೂ ಪರೀಕ್ಷೆ ಮಾಡಿದ್ದೆವು.

ಮೇಸ್ತ್ರಿಯನ್ನು ಕರೆದೆವು. ಹುಡುಗಿ ಬೇರೆ ಏನೂ ಹೇಳಲಿಲ್ಲ, ಆ ಒಂದು ಟ್ರೇ ತೋರಿಸಿದಳು. ಅವನು ಬಗ್ಗಿ ದಾರ ನೋಡಿದ, ಚುಕ್ಕಿ ಬರತೈತಾ ಅಂತ ನೋಡಿದ.

"ನೀವಿಬ್ಬರೂ ಏನೋ ಮಾಡೀರಿ."

"ಮತ್ತ ನೋಡ್ರಿ" ಅಂದು ಹುಡುಗಿ ಮಿಷನ್ನು ಆರಿಸಿ ಹಾಕಿ, ಸಣ್ಣದು ಮಾಡುವ ಮುಂಚಿನ ಸರದಿಯ ಬೀಜ ಕೊಟ್ಟಳು. ಪರದೆ ಮೇಲೆ ಬಂದಂಗ ಪೂರಾ ಸರದಿ ಅವನ ಮುಂದೆಯೇ ಇಟ್ಟೆ. ಅದೇ ಟ್ರೇ, ಅದೇ ಕೆಂಪು, ಅದೇ ತಪ್ಪು. ಮಿಷನ್ನು ಮತ್ತೆ ಆರಿಸಿ ಹಾಕಿ ಮೂರನೇ ಸಲ ಇಟ್ಟೆ. ಮೇಸ್ತ್ರಿ ಬೆವರು ಒರೆಸಿಕೊಂಡ. ಆ ಕೋಣೆಯಲ್ಲಿ ಅವನು ಅಷ್ಟು ಹೊತ್ತು ನಿಂತದ್ದು ಅದೇ ಮೊದಲು.

"ಲಾಭಕ್ಕ ಕೆಂಪು ಹಾಕಿದಿ ನೀನು?" ಅಂತ ನನ್ನನ್ನು ಕೇಳಿದ. ಅವನಿಗೆ ಮಿಷನ್ನಿಗಿಂತ ಅದೇ ದೊಡ್ಡದಾಗಿತ್ತು.

"ಹಾಕಿದೆ. ಬೇಲಿನಾಗ ಹೋದ ಕೆಂಪು ಯಾರು ಹಾಕಿದ್ರು, ಅದನ್ನ ಕೇಳು ಮೊದಲು."

ಅವನು ಬಾಗಿಲ ತನಕ ಹೋಗಿ ನಿಂತ. ತಿರುಗಿ ನೋಡದೆ ಅಂದ, "ಸೊಸಿಗೆ ನಾಳಿಂದ ಬಾ ಅನ್ನು."

"ಹೊರಗ ಹಾಕಿದ್ದು ಸಾಲಿನ ಮುಂದ. ಬಾ ಅನ್ನೋದು ಬಾಗಿಲ ಹಿಂದೇನು? ಸಾಲಿನ ಮುಂದೇ ಅನ್ನು."

ಅಂದ. ಅವತ್ತಲ್ಲ, ಮರುದಿನ, ಗೊಣಗುತ್ತಾ. ಮಿಷನ್ನಿನ ತಪ್ಪು, ಆಕಿದಲ್ಲ ಅಂತ. ಹೆಂಗಸರು ಕೇಳಿಸಿಕೊಂಡರು, ಸಂಜೆಯ ಹೊತ್ತಿಗೆ ಚಹಾದ ಅಂಗಡಿಗೂ ಮುಟ್ಟಿರಬೇಕು. ಮನೆಗೆ ಬಂದ ಸೊಸಿ, ಗಿರಣಿಯಿಂದ ಬಂದ ಹಿಟ್ಟು ಸ್ವಲ್ಪ ಉರುಟು ಬಂದೈತಿ, ನಿನ್ನಿಂದಲೇ ಅಂತ ಬೈದಳು. ರೊಟ್ಟಿ ಬಿಸಿ ಬಿಸಿ ಹಾಕಿದಳು.

ಕಂಪನಿಯವರು ಸಹಿ ಹಾಕಿಸಿಕೊಳ್ಳದೆ ಹೋದರು. ಹೊಸದಾಗಿ ತಿದ್ದಿ ಕೊಡುವ ತನಕ ಒಂದು ಕಟ್ಟು ಮಾಡಿದರು: ಕರೆಂಟು ಬಂದಾಗೊಮ್ಮೆ ಕೈಯಿಂದ ಆರಿಸಿದ ಒಂದು ಹಿಡಿ ಸ್ವಚ್ಛ ಅರಳಿ ಬೆಲ್ಟಿನ ಮೇಲೆ ಮೊದಲು ಇಡಬೇಕು. ಸಾಲಿನಲ್ಲಿ ಎಲ್ಲರಿಗಿಂತ ಕಣ್ಣು ಹರಿತ ಇದ್ದಾಕಿ ಅಂತ ಅದನ್ನು ನನ್ನ ಸೊಸಿಗೆ ಒಪ್ಪಿಸಿದರು. ಆದವಾನಿಯ ಕರೆಂಟು ಆಕಿಗೆ ಪುರುಸೊತ್ತು ಕೊಡುವುದಿಲ್ಲ. ಇಡುವಾಗ ಆಕಿ ಲಾಭ ಅನ್ನುತಾಳ, ಕೇಳಿಸತೈತಿ.

ತಿದ್ದಿದ್ದು ಬಂತು. ತಿದ್ದಿದ ಮಿಷನ್ನನ್ನು ಮೊದಲಿನಿಂದ ಪರೀಕ್ಷೆ ಮಾಡಬೇಕು. ಅದು ಪಾಸಾದರೆ ಸೊಸಿಯ ಹಿಡಿಯೂ ಬೇಕಾಗುವುದಿಲ್ಲ, ಸಾಲಿನಲ್ಲಿ ಇನ್ನೂ ಕೆಲವರು ಬೇಕಾಗುವುದಿಲ್ಲ. ಅದು ನನಗೂ ಹುಡುಗಿಗೂ ತಿಳಿದೈತಿ. ನಾನು ಹಾಕದಿದ್ದರೆ ಇನ್ನೊಬ್ಬಾಕಿಯನ್ನು ಕೂಡಿಸತಾರ, ಆಕಿ ಲಾಭವನ್ನು ಬಿಟ್ಟೇ ಹಾಕತಾಳ. ಮತ್ತೆ ಅದೇ ಬೇಲು, ಮತ್ತೆ ಯಾರದೋ ಸೊಸಿ.

ಬದಿಗೆ ಸರಿಸಿದ್ದ ಪ್ರೋಗ್ರಾಮಿನ ಆ ಸಾಲನ್ನು ಹುಡುಗಿ ಪೂರ್ತಿ ಅಳಿಸಿದಳು. ಹೊಸ ಬೀಜ ಹಾಕಿದಳು. ಪರದೆ ಮೇಲೆ ಮೊದಲ ಟ್ರೇ, ನಡುವೆ ಕೆಂಪು ಚುಕ್ಕಿ.

ದಾರ ಹಿಡಿದ ಕೈ ತಾನಾಗಿಯೇ ಎರಡನೇ ಟ್ರೇ ಕಡೆ ಹೋಯಿತು. ಎಡಗೈಯಿಂದ ಅದರ ಮಣಿಕಟ್ಟು ಹಿಡಿದು ಹಿಂದಕ್ಕೆ ತಂದೆ. ಇಟ್ಟೆ.

"ಚಿಲಕ ಹಾಕಿದಿಯಾ ಪೆದ್ದಮ್ಮಾ?" ಅಂತ ಹುಡುಗಿ ಕೇಳಿದಳು.

ಹಾಕಿದ್ದೆ.